ಪ್ರಶ್ನಿ ಹೊಟ್ಟ್ಯಾಗ, ಉತ್ತರ ಪಡಸಾಲ್ಯಾಗ

ಆಟ ಭಾಳ ಸರಳ ಅದ. ನಾಕು ಮಂದಿ ಕೂಡಬೇಕು, ಕೈಯಾಗ ಒಂದು ಪುಸ್ತಕ ಇರಬೇಕು. ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳಿಟ್ಟಲ್ಲಿ ಯಾವ ಸಾಲು ಸಿಗತದೋ ಅದನ್ನ ಎಲ್ಲಾರಿಗೂ ಕೇಳೋಹಂಗ ಓದಬೇಕು. ಅಷ್ಟ. ಅದರ ಹಿಂದಿನ ಮಾತು ಯಾರಿಗೂ ಬೇಕಾಗಿಲ್ಲ, ಮುಂದಿನ ಮಾತೂ ಬೇಕಾಗಿಲ್ಲ. ಕಾದಂಬರಿ ಆದ್ರ ಯಾರೋ ಬಸ್ಸಿಳದು ಹೊಂಟಿರತಾರ, ಎಲ್ಲಿಗೆ ಅಂತ ಗೊತ್ತಾಗೂದಿಲ್ಲ. ಅಡಿಗಿ ಪುಸ್ತಕ ಆದ್ರ ಇನ್ನೂ ಮಜಾ. ಸಣ್ಣ ಉರಿ ಮ್ಯಾಲೆ ಹದಕ್ಕ ಹುರೀರಿ ಅನ್ನೋ ಸಾಲು ಅತ್ತಿ ಪಾಲಿಗೆ ಬಂತಂದ್ರ, ಸೊಸಿ ನಗು ತಡಕೊಳ್ಳಲಿಕ್ಕೆ ಸೆರಗು ಬಾಯಾಗ ಇಟ್ಟುಕೋಬೇಕಾಗತದ.

ನಾವು ಹೊತ್ತು ಕಳೀಲಿಕ್ಕೆ ಆಡೋ ಈ ಆಟಾನ ಒಂದು ದೇಶದ ಮಂದಿ ನೂರಾರು ವರ್ಷದಿಂದ ಮನಿಮನಿಯೊಳಗ ಆಡಿಕೋತ ಬಂದಾರ. ಅದು ಇರಾನ ದೇಶ. ಪುಸ್ತಕ ಹಾಫಿಜ್ ಕವಿಯ ದಿವಾನ್, ಅಂದ್ರ ಅಂವನ ಎಲ್ಲಾ ಪದ್ಯ ಕೂಡಿಸಿದ ಸಂಗ್ರಹ. ಆಟಕ್ಕ ಅವರು ಫಾಲ್-ಎ-ಹಾಫಿಜ್ ಅಂತಾರ. ಫಾಲ್ ಅಂದ್ರ ಶಕುನ. ಶಕುನ ಅಂದಕೂಡಲೆ ನಮ್ಮ ಓಣ್ಯಾಗ ಇಬ್ಬರು ಮೂಗು ಮುರೀತಾರ, ಮತ್ತಿಬ್ಬರು ಕಿವಿ ನಿಗರಿಸಿಕೊಂಡು ಕೂಡತಾರ ಅನ್ನೋದು ನನಗ ಗೊತ್ತದ. ಎರಡೂ ಕಡೆಯವರು ಸ್ವಲ್ಪ ತಡೀರಿ. ಭವಿಷ್ಯ ಖರೇ ಆಗತದೋ ಇಲ್ಲೋ ಅನ್ನೋದನ್ನ ಬದಿಗಿಟ್ಟು, ಮನಿ ಮಂದೀ ನಡುವ ಬಾಯಿ ಬಿಟ್ಟು ಕೇಳಲಿಕ್ಕೆ ಬರದ ಮಾತನ್ನ ಹೆಣ್ಣುಮಕ್ಕಳು ಈ ಆಟದಾಗ ಹೆಂಗ ಕೇಳಿಕೊಂಡ್ರು ಅನ್ನೋದನ್ನ ನೋಡೂಣು.

ಈ ಆಟಕ್ಕ ಹೇಳಿ ಮಾಡಿಸಿದ ಒಂದು ರಾತ್ರಿ ಅದ. ಇರಾನದವರ ಪಂಚಾಂಗ ಸೂರ್ಯನ ಲೆಕ್ಕದ್ದು. ಆಜರ್ ತಿಂಗಳು ಮುಗದು ದೇ ತಿಂಗಳು ಹುಟ್ಟೋ ರಾತ್ರಿ, ಅಂದ್ರ ನಮ್ಮ ಡಿಸೆಂಬರ್ 20 ಇಲ್ಲಾ 21, ವರ್ಷದಾಗ ಎಲ್ಲಾದಕ್ಕಿಂತ ಉದ್ದ ರಾತ್ರಿ. ಅದಕ್ಕ ಯಲ್ದಾ ಅಂತಾರ, ಚೆಲ್ಲೆ ಅಂತನೂ ಅಂತಾರ. ಯಲ್ದಾ ಅನ್ನೋದು ಸಿರಿಯಾಕ್ ಭಾಷೆಯ ಶಬ್ದ, ಹುಟ್ಟು ಅಂತ ಅರ್ಥ. ಮರುದಿವಸದಿಂದ ಹಗಲು ಒಂದೊಂದ ಎಳ್ಳಿನಷ್ಟು ಬೆಳೀತಾ ಹೋಗತದಲ್ಲ, ನಾವು ಸಂಕ್ರಾಂತಿಗೆ ಹೇಳೋ ಮಾತು ಅವರು ಆವತ್ತ ಹೇಳತಾರ. ಚೆಲ್ಲೆ ಅನ್ನೋದು ನಲವತ್ತು ಅನ್ನೋ ಅಂಕಿಯಿಂದ ಬಂದದ್ದು. ಅಲ್ಲಿಂದ ನಲವತ್ತು ದಿವಸ ಕಡು ಚಳಿ. ಕಾಶ್ಮೀರದಾಗ ಚಿಲ್ಲಾಯ್ ಕಲಾನ್ ಶುರುವಾತು ಅಂತ ಪ್ರತಿವರ್ಷ ಡಿಸೆಂಬರ್ 21ಕ್ಕ ಟೀವಿಯೊಳಗ ಹೇಳತಾರ ನೋಡ್ರಿ, ಅದೂ ಇದ ನಲವತ್ತ.

ಆ ರಾತ್ರಿ ಮಕ್ಕಳು ಮೊಮ್ಮಕ್ಕಳು ಎಲ್ಲಾ ಮನಿಯ ಹಿರ್ಯಾರ ಕಡೆ ಹೋಗಿ ಕೂಡತಾರ. ಹಿಂದಕ್ಕ ಒಂದು ಗಿಡ್ಡ ಮೇಜಿನ ಕೆಳಗ ಕೆಂಡದ ಪಾತ್ರಿ ಇಟ್ಟು, ಮ್ಯಾಲೆ ದೊಡ್ಡ ದುಪ್ಪಟಿ ಹೊಚ್ಚಿ, ಸುತ್ತಲೂ ಎಲ್ಲಾರೂ ಕಾಲು ಒಳಗ ಚಾಚಿ ಕೂಡತಿದ್ರಂತ. ಆ ಮೇಜಿಗೆ ಅವರು ಕೊರ್ಸಿ ಅಂತಾರ. ನಮ್ಮ ಕುರ್ಚಿ ಅದೇ ಶಬ್ದ, ಇಲ್ಲಿಗೆ ಬರೋದ್ರಾಗ ಕೂಡೋ ಸಾಮಾನಾಗೇದ. ಮ್ಯಾಲೆ ದಾಳಿಂಬರಿ, ಒಣಹಣ್ಣು, ಬಾದಾಮಿ, ಪಿಸ್ತಾ ಹರವಿರತಾರ. ಕಲ್ಲಂಗಡಿ ಸುದ್ದಾ ಇರತದ! ಬ್ಯಾಸಗಿ ಹಣ್ಣನ್ನ ಜ್ವಾಪಾನ ಮಾಡಿಟ್ಟು ಆ ಚಳಿ ರಾತ್ರಿ ತಿಂದ್ರ, ಮುಂದಿನ ಬ್ಯಾಸಗ್ಯಾಗ ನೀರಡಿಕಿ ಕಾಡೂದಿಲ್ಲ ಅಂತ ನಂಬಿಕಿ. 2022ರೊಳಗ ಇರಾನ ಮತ್ತ ಅಫಘಾನಿಸ್ತಾನ ಎರಡೂ ಕೂಡಿ ಈ ಹಬ್ಬಾನ ಯುನೆಸ್ಕೋದ ಪಟ್ಟಿಯೊಳಗ ಸೇರಿಸ್ಯಾರ. ಅದಿರಲಿ. ತಿನ್ನೋದು ಮುಗದಮ್ಯಾಲೆ ಮನಿಯ ಹಿರಿಯರೊಬ್ಬರು ಪುಸ್ತಕ ತರತಾರ. ಆವಾಗ ಎಲ್ಲಾರೂ ಸುಮ್ಮನಾಗತಾರ.

ಹಾಫಿಜ್ ಶಿರಾಜ ಪಟ್ಟಣದಂವ, ಹದಿನಾಲ್ಕನೇ ಶತಮಾನದ ಕವಿ. ಹೆಸರು ಶಮ್ಸುದ್ದೀನ ಮಹಮ್ಮದ. ಕುರಾನ್ ಪೂರ್ತಿ ಬಾಯಿಪಾಠ ಇದ್ದವರಿಗೆ ಹಾಫಿಜ್ ಅಂತಾರ, ಅದ ಅಂವನ ಕಾವ್ಯದ ಹೆಸರಾತು. ತೀರಿಕೊಂಡದ್ದು 1390ರ ಸುಮಾರು. ತನ್ನ ಪದ್ಯಗಳನ್ನ ತಾನ ಕೂಡಿಸಿ ಇಡಲಿಲ್ಲ, ಅಂವ ಹೋದಮ್ಯಾಲೆ ಬ್ಯಾರೆಯವರು ಕೂಡಿಸಿದ್ರು. ಇರಾನದಾಗ 1941ರೊಳಗ ಕಜ್ವೀನಿ ಮತ್ತ ಗನಿ ಅನ್ನೋ ಇಬ್ಬರು ಪಂಡಿತರು ತಿದ್ದಿ ಅಚ್ಚು ಹಾಕಿಸಿದ ದಿವಾನದಾಗ 495 ಗಜಲ್ ಅವ. ಗಜಲ್ ಅಂದ್ರ ನಮಗೇನೂ ಹೊಸಾದಲ್ಲ, ರಾಯಚೂರ ಸೀಮಿಯ ಶಾಂತರಸರು ಅದನ್ನ ಕನ್ನಡದಾಗ ಬರದು ರೂಢಿಗೆ ತಂದಾರ. ಗಜಲಿನೊಳಗ ಎರಡೆರಡು ಸಾಲಿನ ಒಂದೊಂದು ಜೋಡಿಯೂ ತನ್ನ ಕಾಲ ಮ್ಯಾಲೆ ತಾ ನಿಂತಿರತದ. ದಾರ ಒಂದ, ಮಣಿ ಬ್ಯಾರೆ ಬ್ಯಾರೆ. ನಡುವಿಂದ ಒಂದು ಮಣಿ ತೆಗದು ಕೈಯಾಗ ಹಿಡಕೊಂಡ್ರೂ ಅದು ಪೂರಾ ಮಣೀನ.

ಈ ಆಟಕ್ಕ ಇಂಥಾ ಪುಸ್ತಕಾನ ಬೇಕು. ಕತಿ ಪುಸ್ತಕದ ನಡುವಿನ ಸಾಲು ಮುರದ ಬಳಿ ಇದ್ದಂಗ, ಗಜಲಿನ ಸಾಲು ಹಂಗಲ್ಲ. ಇನ್ನೊಂದು ಗುಟ್ಟದ. ಪಾರಸಿ ಭಾಷೆಯೊಳಗ ಅಂವ, ಅಕಿ ಅಂತ ಬ್ಯಾರೆ ಬ್ಯಾರೆ ಇಲ್ಲ. ಇಬ್ಬರಿಗೂ ‘ಊ’ ಅನ್ನೋ ಒಂದ ಶಬ್ದ. ಹಿಂಗಾಗಿ ಕವಿ ಯಾರನ್ನ ನೆನಸಿ ಹಂಬಲಿಸತಾನೋ ಅದು ಗಂಡಸೋ ಹೆಂಗಸೋ ರಾಜನೋ ದೇವರೋ, ಸಾಲು ನೋಡಿ ಹೇಳಲಿಕ್ಕಾಗೂದಿಲ್ಲ. ದೂರ ದೇಶಕ್ಕ ಹೋದ ಮಗನ್ನ ನೆನಸೋ ತಾಯಿಗೂ ಆ ಸಾಲು ಹೊಂದತದ, ಲಗ್ನ ಗಟ್ಟಿಯಾಗದ ಹುಡುಗಿಗೂ ಹೊಂದತದ, ದೇವರ ಧ್ಯಾನದಾಗಿದ್ದ ಮುದುಕನಿಗೂ ಹೊಂದತದ. ನಾವು ಕನ್ನಡದಾಗ ‘ಅಂವ ಬರಲಿಲ್ಲ’ ಅಂತ ಬಾಯಿ ಬಿಟ್ಟರ ಸಾಕು, ಯಾರವ್ವಾ ಅಂವ ಅಂತ ಹತ್ತು ಮಂದಿ ತಿರುಗಿ ನೋಡತಾರ!

ಇನ್ನ ಆಟದ ಕ್ರಮ. ಪುಸ್ತಕ ಮುಚ್ಚಿ ಎರಡೂ ಕೈಯಾಗ ಹಿಡಕೋಬೇಕು. ಹಾಫಿಜನಿಗೆ ‘ಕಾಣದ ಲೋಕದ ನಾಲಗಿ’ ಅನ್ನೋ ಬಿರುದದ. ಆ ಬಿರುದಿನಿಂದ ಕರದು, ಅಂವನ ಪ್ರೀತಿಯ ಹುಡುಗಿಯ ಹೆಸರಿನ ಮ್ಯಾಲೆ ಆಣಿ ಇಟ್ಟು, ನನಗ ಖರೇ ಹೇಳು ಅಂತ ಕೇಳಿಕೋತಾರ. ಆ ಹುಡುಗಿ ಹೆಸರು ಶಾಖ್-ಎ-ನಬಾತ್, ಅಂದ್ರ ಕಲ್ಲಸಕ್ಕರಿಯ ಟೊಂಗಿ. ಅಂಥಾ ಹುಡುಗಿ ಇದ್ದಳೋ ಇಲ್ಲೋ, ಹೆಸರು ಮಾತ್ರ ಬಾಯಾಗ ಕರಗೋಹಂಗದ. ಆಮ್ಯಾಲೆ ಮನಸಿನೊಳಗ ಪ್ರಶ್ನಿ ನೆನಸಬೇಕು. ಇದಕ್ಕ ಅವರು ನಿಯ್ಯತ್ ಅಂತಾರ. ನಮ್ಮಲ್ಲೆ ಅಂವನಿಗೆ ನಿಯತ್ತಿಲ್ಲ ಅಂತ ಬೈತೇವಲ್ಲ, ಅದೇ ನಿಯತ್ತು. ಒಳಗಿನ ಉದ್ದೇಶ ಅಂತ ಅದರ ಮೂಲ ಅರ್ಥ.

ಬೆರಳಿಂದ ಹಾಳಿ ಬಿಡಿಸಿದಮ್ಯಾಲೆ ಕಣ್ಣಿಗೆ ಬಿದ್ದ ಗಜಲನ್ನ ಓದತಾರ. ಅದು ಹಿಂದಿನ ಪುಟದಾಗ ಶುರುವಾಗಿದ್ರ ಹಿಂದಕ್ಕ ಹೋಗಿ ಮೊದಲಿಂದ ಓದಬೇಕು. ಅದರ ಮುಂದಿನ ಗಜಲಿನ ಮೊದಲ ಒಂದೆರಡು ಜೋಡಿ ಸಾಕ್ಷಿ ಇದ್ದಂಗ. ಮೊದಲಿಂದು ಅರ್ಥ ಆಗಲಿಲ್ಲ ಅಂದ್ರ ಸಾಕ್ಷಿ ಕರದು ಕೇಳೋದು. ಒಬ್ಬರು ಮೂರು ಸಲಕ್ಕಿಂತ ಹೆಚ್ಚಿಗೆ ಕೇಳಬಾರದು, ಕೇಳಿದ್ರ ಹಾಫಿಜ್ ಸಿಟ್ಟಾಗತಾನಂತ. ನಮ್ಮ ಓಣಿಯ ಕೆಲವರಿಗೆ ಈ ನಿಯಮ ಮೊದಲ ಹೇಳಿ ಇಡಬೇಕು. ಬೇಕಾದ ಉತ್ತರ ಬರೋತನಕ ಚೀಟಿ ತಿರುಗಿ ತಿರುಗಿ ಎತ್ತೋ ಮಂದಿ ಅವರು.

ನನಗ ಇದರಾಗ ಮೆಚ್ಚಿಗಿ ಆದದ್ದು ಒಂದ ಮಾತು. ಪ್ರಶ್ನಿ ಯಾರಿಗೂ ಹೇಳಬೇಕಾಗಿಲ್ಲ. ಉತ್ತರ ಮಾತ್ರ ಎಲ್ಲಾರೂ ಕೇಳತಾರ. ಗಿಣಿಶಾಸ್ತ್ರದಂವನ ಕಡೆ ಹೋದ್ರ, ಕೈ ನೋಡೋವನ ಕಡೆ ಹೋದ್ರ, ನಮ್ಮ ತ್ರಾಸು ಏನಂತ ಮೊದಲು ಅಂವನಿಗೆ ಹೇಳಬೇಕಾಗತದ, ಸಂಜಿ ಆಗೋದ್ರಾಗ ಅದು ಊರ ಸುದ್ದಿ. ತುಂಬಿದ ಮನ್ಯಾಗ ಸೊಸಿಯಾದವಳು ಗಂಡನ ಸುದ್ದಿ ಅತ್ತಿ ಮುಂದ ಎತ್ತಂಗಿಲ್ಲ, ತವರಿನ ಚಿಂತಿ ಗಂಡನ ಮುಂದ ಎತ್ತಂಗಿಲ್ಲ. ಮಕ್ಕಳಾಗಲಿಲ್ಲ ಅನ್ನೋ ಸಂಕಟ ಆದ್ರಂತೂ ಅಕಿ ಬಿಟ್ಟು ಉಳದವರೆಲ್ಲಾ ಮಾತಾಡತಾರ, ಅಕಿ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಈ ಆಟದಾಗ ಅಂಥಾಕಿ ಹೊಟ್ಟ್ಯಾಗ ಪ್ರಶ್ನಿ ಇಟ್ಟುಕೊಂಡು, ಎಲ್ಲಾರ ನಡುವ ಕೂತು, ಮಾವ ಓದೋ ಪದ್ಯ ಕೇಳಬಹುದು. ಮಾವ ದೊಡ್ಡ ದನಿಯಿಂದ ಓದತಿರತಾನ, ಅಂವಗ ಗೊತ್ತಿಲ್ಲ ತಾ ಯಾವ ಪ್ರಶ್ನಿಗೆ ಉತ್ತರ ಓದಲಿಕ್ಕತ್ತೇನಂತ. ಉಳದವರೂ ಪದ್ಯಕ್ಕ ಒಬ್ಬೊಬ್ಬರು ಒಂದೊಂದು ಅರ್ಥ ಹೇಳತಾರ. ಬ್ಯಾಡದ್ದು ಬಿಟ್ಟು ಬೇಕಾದ ಅರ್ಥಾನ ಅಕಿ ಗಂಟಿಗೆ ಕಟ್ಟಿಕೋತಾಳ.

ಹಂಗಾದ್ರ ಅವರೆಲ್ಲಾ ಏನೇನು ಕೇಳಿದ್ರು? ಇತಿಹಾಸದಾಗ ಹುಡುಕಿದ್ರ ಗಂಡಸರ ಪ್ರಶ್ನಿ ಅಷ್ಟ ಸಿಗತಾವ. ಬಿಹಾರದ ಪಾಟ್ನಾದಾಗ ಖುದಾಬಕ್ಷ್ ಗ್ರಂಥಾಲಯ ಅಂತದ, 1891ರೊಳಗ ಎಲ್ಲಾರಿಗೂ ತೆರೆದದ್ದು. ಅಲ್ಲೆ ಮೊಗಲ ಬಾದಶಹರ ಮನಿಯೊಳಗಿದ್ದ ಹಾಫಿಜನ ದಿವಾನದ ಕೈಬರಹದ ಪ್ರತಿಯೊಂದದ. ಅದರ ಅಂಚಿನ್ಯಾಗ ಹುಮಾಯೂನ ಮತ್ತ ಜಹಾಂಗೀರ ತಮ್ಮ ಕೈಯಾರೆ ಟಿಪ್ಪಣಿ ಬರದಾರ, ಇಂಥಾ ವ್ಯಾಳ್ಯಾದಾಗ ಪುಸ್ತಕ ತೆರೆದ್ವಿ, ಈ ಗಜಲ್ ಬಂತು, ಹಿಂಗಾತು ಅಂತ. ಜಹಾಂಗೀರ ಇನ್ನೂ ಸಲೀಮ ರಾಜಕುಮಾರ ಇದ್ದಾಗ ಅಪ್ಪ ಅಕ್ಬರನ ವಿರುದ್ಧ ಎದ್ದು ಅಲಹಾಬಾದಿನಾಗ ಬ್ಯಾರೆ ಕೂತಿದ್ದ. ಅಪ್ಪನ ಕಡೆ ತಿರುಗಿ ಹೋಗಲೋ ಬ್ಯಾಡೋ ಅಂತ ತಿಳೀದ ಹಾಫಿಜನ್ನ ಕೇಳಿದ. ಬಂದ ಗಜಲ್ ನೋಡಿ ಹೋದ. 1605ರೊಳಗ ಅಕ್ಬರ ತೀರಿಕೊಂಡಾಗ ಅಂವನ ಬಾದಶಹ ಆದ. ಅಪ್ಪನ ಮುಂದ ಮಾರಿ ತೋರಸಲಿಕ್ಕೆ ಹಿಂಜರಿಯೋ ಮಗಾ ಕವಿಯ ಆಸರಾ ಹುಡುಕಿದ ಅಂದ್ರ ನನಗ ಆ ಬಾದಶಹನ ಮ್ಯಾಲೂ ಒಂದೀಟು ಕನಿಕರ ಬರತದ.

ಆದ್ರ ನೋಡ್ರಿ, ಅಂವನ ಕೈಯಾಗ ಲೇಖಣಿಕಿ ಇತ್ತು, ಪುಸ್ತಕ ಅಂವಂದ ಇತ್ತು, ಅಂಚಿನ್ಯಾಗ ಬರದಿಟ್ಟ. ಅದ ಅರಮನಿಯ ಜನಾನಾದಾಗ ಯಾರರೆ ಅದ ಪುಸ್ತಕ ಮುಟ್ಟಿ ಏನರೆ ಕೇಳಿದ್ರೋ ಏನೋ, ಅಂಚಿನ್ಯಾಗ ಅವರ ಅಕ್ಷರ ಇಲ್ಲ. ಶಿರಾಜದಾಗ ಕೊರ್ಸಿ ಸುತ್ತ ಕೂತವರ ಪ್ರಶ್ನಿಗಳೂ ಅವರ ಕೂಡನ ಹೋದುವು.

ಹಾಫಿಜನ ಮಾತು ಎತ್ತೋದಕ್ಕ ನನಗ ಇನ್ನೊಂದು ಹಕ್ಕದ. ಅಂವ ನಮ್ಮ ಸೀಮಿಗೆ ಬರಬೇಕಾದಂವ ಇದ್ದ! ಕಲಬುರಗಿಗೆ.

ಈ ಕತಿ ಹೇಳಿದಂವ ಫರಿಶ್ತಾ. ಎರಡನೇ ಇಬ್ರಾಹಿಂ ಆದಿಲಶಾಹಿಯ ಆಶ್ರಯದಾಗ, ನಮ್ಮ ವಿಜಯಪುರದಾಗ ಕೂತು ಇತಿಹಾಸ ಬರದಂವ. ಅಂವ ಹೇಳೋ ಪ್ರಕಾರ, ಕಲಬುರಗಿಯ ಬಹಮನಿ ಸುಲ್ತಾನ ಮಹಮೂದ ಶಾಹ ಪದ್ಯದ ಹುಚ್ಚಿನಂವ, ತಾನೂ ಬರೀತಿದ್ದ. ಕೆಲವರು ಅಂವನ್ನ ಎರಡನೇ ಮಹಮ್ಮದ ಶಾಹ ಅಂತಾರ. 1378ರಿಂದ 1397ರತನಕ ಆಳಿದ ಸುಲ್ತಾನ. ಅಂವನ ದರಬಾರಿನ ದೊಡ್ಡ ಅಧಿಕಾರಿ ಮೀರ್ ಫಜಲುಲ್ಲಾ ಇಂಜು ಹಾಫಿಜನಿಗೆ ಹಾದಿಖರ್ಚಿನ ರೊಕ್ಕ ಕಳಿಸಿ, ದಖ್ಖನಕ್ಕ ಬಂದು ಹೋಗ್ರಿ ಅಂತ ಕರೆಸಿದ. ಹಾಫಿಜ್ ಆ ರೊಕ್ಕದಾಗ ಸಾಲ ತೀರಿಸಿದ, ಅಕ್ಕತಂಗೇರ ಮಕ್ಕಳಿಗೆ ಒಂದಿಷ್ಟು ಕೊಟ್ಟ, ಉಳದದ್ದು ತಗೊಂಡು ಹೊಂಟ. (ಸೋದರಮಾವ ಅಂದ್ರ ಹಿಂಗಿರಬೇಕು ನೋಡ್ರಿ, ರೊಕ್ಕ ಕೈಗೆ ಬಂದಕೂಡಲೆ ಅಕ್ಕನ ಮಕ್ಕಳ ನೆನಪು.) ಲಾರ್ ಅನ್ನೋ ಊರಿಗೆ ಬರೋದ್ರಾಗ ಕಳ್ಳರ ಕೈಯಾಗ ಸಿಕ್ಕು ಎಲ್ಲಾ ಕಳಕೊಂಡ ಒಬ್ಬ ಗೆಳೆಯ ಎದುರಾದ. ಇದ್ದದ್ದೆಲ್ಲಾ ಅಂವಗ ಕೊಟ್ಟ. ಕೈ ಖಾಲಿ ಆತು.

ಇಬ್ಬರು ವ್ಯಾಪಾರಿಗಳು, ನಿಮ್ಮ ಕೂಡ ಬರೋದ ನಮಗ ಭಾಗ್ಯ, ಖರ್ಚು ನಮ್ಮದು ಅಂತ ಹೇಳಿ ಅಂವನ್ನ ಹೊರ್ಮುಜ್ ಬಂದರಿಗೆ ಕರಕೊಂಡು ಬಂದ್ರು. ಅಲ್ಲೆ ದಖ್ಖನಕ್ಕ ಬರೋ ಹಡಗ ತಯಾರಿತ್ತು. ಹಾಫಿಜ್ ಹತ್ತಿ ಕೂತ. ಹಡಗ ಇನ್ನೂ ಬಿಟ್ಟಿಲ್ಲ, ಬಿರುಗಾಳಿ ಎದ್ದಿತು. ಕವಿಗೆ ಹೊಟ್ಟ್ಯಾಗ ಕಲಸಿಬಿಟ್ಟಿತು. ಬಂದರಿನ್ಯಾಗ ಕೆಲವು ಗೆಳೆಯರಿಗೆ ಹೇಳಿ ಬರೋದು ಉಳದದ ಅಂತ ನೆವ ಹೇಳಿ ಕೆಳಗಿಳದಂವ ಸೀದಾ ಶಿರಾಜದ ಹಾದಿ ಹಿಡದ. ಸಮುದ್ರದ ಕಷ್ಟದ ಮುಂದ ಅರಸನ ಬಂಗಾರ ಕಡಿಮೀನ ಅನ್ನೋ ಅರ್ಥದ ಒಂದು ಗಜಲ್ ಬರದು ಮೀರ್ ಫಜಲುಲ್ಲಾಗ ಕಳಿಸಿಕೊಟ್ಟ. ಸುಲ್ತಾನ ಅದನ್ನ ಕೇಳಿ ಸಿಟ್ಟಾಗಲಿಲ್ಲ. ಮನಿ ಬಿಟ್ಟು ಹೊಂಟಂವ, ಅಷ್ಟು ದೂರ ಬಂದಾನಲ್ಲ ಅಂತ ಹೇಳಿ ಸಾವಿರ ಬಂಗಾರದ ಟಂಕದ ಬೆಲಿಯ ಸಾಮಾನು ಕಾಣಿಕಿ ಕಳಿಸಿದ. ಕಲಬುರಗಿ ಕ್ವಾಟಿ ನೋಡಲಿಕ್ಕೆ ಹೋದವರು ಒಮ್ಮೆ ನೆನಸಿಕೊಳ್ರಿ, ಅಲ್ಲೆ ಒಂದು ಕಾಲಕ್ಕ ಹಾಫಿಜನ ಹಾದಿ ಕಾಯ್ಕೋತ ಕೂತಿದ್ರು.

ಕವಿ ಬರಲಿಲ್ಲ, ಪುಸ್ತಕ ಬಂತು. ದಖ್ಖನದ ಸುಲ್ತಾನರ ದರಬಾರುಗಳೊಳಗ ಪಾರಸಿ ಶತಮಾನಗಟ್ಟಲೆ ನಡೀತು. ನಾವು ದಿವಸಾ ಬಳಸೋ ಎಷ್ಟೋ ಶಬ್ದ ಆ ಕಾಲದ್ದ. ಅದರಾಗ ಒಂದು ಕೂಜಾ. ಅದರ ಕತೀನೂ ಈ ಆಟದ ಕೂಡ ಕೂಡ್ಯದ.

ಇರಾನದಾಗ ಫಾಲ್-ಎ-ಕೂಜೆ ಅಂತ ಇನ್ನೊಂದು ಆಟದ. ಇದು ಪೂರಾ ಹೆಣ್ಣುಮಕ್ಕಳ ಪಾಲಿಂದು ಅಂದ್ರೂ ನಡೀತದ. ಅವರ ವರ್ಷ ಮುಗಿಯೋ ಕಡೀ ಬುಧವಾರದ ಹಿಂದಿನ ರಾತ್ರಿ, ಅಂದ್ರ ಮಾರ್ಚ್ ತಿಂಗಳದಾಗ ನವರೋಜಿನ ಮುಂಚೆ, ಬೆಂಕಿ ಹಚ್ಚಿ ಜಿಗಿಯೋ ಹಬ್ಬ ಬರತದ. ಆವತ್ತು ಹೆಂಗಸರು ಕೂಡಿ ಸಣ್ಣ ಬಾಯಿಯ ಒಂದು ಕೂಜಾದಾಗ ತಮ್ಮ ತಮ್ಮ ಮೈಮ್ಯಾಲಿನ ಒಂದೊಂದು ಸಣ್ಣ ಸಾಮಾನು ಹಾಕತಾರ. ಉಂಗುರ, ಮಣಿ, ಗುಂಡಿ, ಏನಾದ್ರೂ. ಒಂದು ಸಣ್ಣ ಹುಡುಗಿ ಕೈ ಹಾಕಿ ಒಂದೊಂದ ತೆಗೀತದ. ಒಬ್ಬಾಕಿ ಪದ್ಯ ಹೇಳತಾಳ, ಇಲ್ಲಾ ದಿವಾನ ತೆರೆದು ಓದತಾಳ. ಯಾರ ಸಾಮಾನು ಹೊರಗ ಬಂತೋ ಆ ಪದ್ಯ ಅವರಿಗೆ. ಓದಲಿಕ್ಕೆ ಬರದವರಿಗೂ ಇದು ನಡೀತದ, ಒಬ್ಬಾಕಿಗೆ ಪದ್ಯ ಬಾಯಿಪಾಠ ಇದ್ರ ಸಾಕು. ಹಾಫಿಜನ ಸಾಲುಗಳು ಶಾಲಿ ಕಟ್ಟಿ ಹತ್ತದ ಮುದುಕೇರ ಬಾಯಾಗೂ ಉಳಕೊಂಡದ್ದು ಇಂಥಾ ಆಟದ ಆಸರಾದಿಂದ ಅಂತ ನನಗನಸತದ. ಹಿಂಗ ಕೇಳಿದ ಸಾಲು ಮರೀಲಿಕ್ಕೆ ಆಗೂದಿಲ್ಲ, ಯಾಕಂದ್ರ ಅದು ನಮಗ ಬಂದ ಸಾಲು.

ಇದ ಆಟ ಹೆಸರು ಬದಲಿಸಿಕೊಂಡು ಬ್ಯಾರೆ ಕಡೆಯೂ ಅದ. ತುರ್ಕಿಯೊಳಗ ಮೇ ತಿಂಗಳ ಹಿದಿರೆಲ್ಲೆಜ್ ಹಬ್ಬದಾಗ ಗಡಿಗಿಯನ್ನ ಗುಲಾಬಿ ಗಿಡದ ಬುಡಕ್ಕ ರಾತ್ರಿಯೆಲ್ಲಾ ಇಟ್ಟು, ಮರುದಿವಸ ಸಾಮಾನು ತಕ್ಕೋತ ನಾಕು ಸಾಲಿನ ಹಾಡು ಹೇಳತಾರ. ಗ್ರೀಸಿನಾಗ ಜೂನ್ 24ರ ಸೇಂಟ್ ಜಾನ್ ಹಬ್ಬಕ್ಕ ಕ್ಲಿದೋನಾಸ್ ಅಂತ ಮಾಡತಾರ. ಅಲ್ಲಿ ಹುಡುಗೇರು ಬಾವಿಯಿಂದ ನೀರು ತರುವಾಗ ಒಂದು ಮಾತೂ ಆಡಬಾರದು. ಯಾರು ಎಷ್ಟು ಮಾತಿಗೆ ಎಳದ್ರೂ ತುಟಿ ಬಿಚ್ಚಬಾರದು. ಅದಕ್ಕ ‘ಮಾತಾಡದ ನೀರು’ ಅಂತ ಹೆಸರು. ನಮ್ಮಲ್ಲೆ ಇದನ್ನ ಇಟ್ಟರ ಬಾವಿಯಿಂದ ಮನಿತನಕ ಒಂದು ಕೊಡ ಸುದ್ದಾ ಮುಟ್ಟೂದಿಲ್ಲ ಬಿಡ್ರಿ! ಆದ್ರ ಹೆಂಗಸರು ಕೂಡಿದಲ್ಲೆ ಪದ್ಯದ ಮರಿಯಾಗ ಮನಸಿನ ಮಾತು ಆಡೋದು ನಮಗೇನೂ ಬರದ್ದಲ್ಲ. ಗಂಡನ ಹೆಸರು ಬಾಯಿಂದ ತೆಗೀಬಾರದು ಅಂದಕಾಲಕ್ಕ ಒಡಪಿನ್ಯಾಗ ಹಾಕಿ ಹತ್ತು ಮಂದಿ ಮುಂದ ಹೇಳಿದವರು ನಾವ.

ದೊಡ್ಡ ಪುಸ್ತಕಗಳನ್ನ ಹಿಂಗ ತೆರೆಯೋದು ಯುರೋಪಿನ್ಯಾಗೂ ಇತ್ತು, ಅದನ್ನ ಬಗಲಿಗೆ ಹೇಳಿ ಮುಗಸತೀನಿ. ಅಲ್ಲೆ ವರ್ಜಿಲ್ ಕವಿಯ ಕಾವ್ಯ ತೆರೀತಿದ್ರು, ಬೈಬಲ್ ತೆರೀತಿದ್ರು. ಕ್ರೈಸ್ತರ ದೊಡ್ಡ ಗುರು ಅಗಸ್ಟೀನ 386ರೊಳಗ ಮಿಲಾನ್ ಊರಿನ ಒಂದು ತೋಟದಾಗ ಮನಸು ಕೆಟ್ಟು ಅಳಕೋತ ಕೂತಿದ್ದಾಗ, ಬಾಜೂ ಮನಿಯಿಂದ ಒಂದು ಕೂಸಿನ ದನಿ, ತಗೊಂಡು ಓದು ಅಂತ ಹಾಡಿದಂಗ ಕೇಳಿತಂತ. ಮಕ್ಕಳು ಆಡೋ ಯಾವುದರೆ ಆಟದಾಗ ಇಂಥಾ ಮಾತು ಬರತದೇನು ಅಂತ ಮೊದಲು ವಿಚಾರ ಮಾಡಿದೆ ಅಂತ ಅಂವನ ಬರದಾನ. ಆಮ್ಯಾಲೆ ಎದ್ದು ಹೋಗಿ ಧರ್ಮಗ್ರಂಥ ತೆರೆದ, ಬಂದ ಸಾಲು ಅಂವನ ಜೀವನಾನ ತಿರುವಿಬಿಟ್ಟಿತು. ಮುಂದ 506ರೊಳಗ ಫ್ರಾನ್ಸಿನ ಆಗ್ಡ್ ಊರಾಗ ಕೂಡಿದ ಧರ್ಮಗುರುಗಳ ಸಭಾ, ಗ್ರಂಥ ತೆರೆದು ಶಕುನ ನೋಡಬಾರದು ಅಂತ ಕಟ್ಟಳೆ ಮಾಡಿತು. ಮಂದಿ ಬಿಟ್ಟರೇನು? ಬಿಡಲಿಲ್ಲ. ಸಾವಿರ ವರ್ಷ ಆದಮ್ಯಾಲೂ ಇಂಗ್ಲೆಂಡಿನ ಮೊದಲನೇ ಚಾರ್ಲ್ಸ್ ರಾಜ ಆಕ್ಸ್‌ಫರ್ಡಿನ ಗ್ರಂಥಾಲಯದಾಗ ಗಮ್ಮತ್ತಿಗೆ ವರ್ಜಿಲ್ ತೆರೆದು, ಕೆಟ್ಟ ಸಾಲು ಬಂದು ಮಾರಿ ಸಣ್ಣ ಮಾಡಿದ ಅಂತ ಕತಿ ಹೇಳತಾರ. 1649ರೊಳಗ ಅಂವನ ತಲಿ ಹೋತು. ತಲಿ ಹೋಗದಿದ್ರ ಆ ಕತಿ ಯಾರ ನೆನಪಿನ್ಯಾಗೂ ಇರತಿದ್ದಿಲ್ಲ. ಶಕುನದ ಲೆಕ್ಕ ಇಷ್ಟ ಅದ, ಹೊಂದಿದ್ದು ಉಳೀತದ, ಹೊಂದದ್ದು ಮರೀತದ.

ಹಾಫಿಜನ ಹೆಣದ ಮುಂದೂ ಇದ ಆಟ ನಡೀತು ಅಂತ ಇರಾನದವರು ಹೇಳತಾರ. ಅಂವನ ಪದ್ಯದಾಗ ದ್ರಾಕ್ಷಾರಸದ ಮಾತು ಭಾಳ. ಹಿಂಗಾಗಿ ಕೆಲವು ಕರ್ಮಠರು ಧರ್ಮದ ಪ್ರಕಾರ ಸಂಸ್ಕಾರ ಮಾಡಗೊಡಂಗಿಲ್ಲ ಅಂತ ಅಡ್ಡ ನಿಂತರಂತ. ಅಂವನ ಪದ್ಯಗಳನ್ನ ಚೀಟಿಯೊಳಗ ಬರದು ಒಂದು ಪಾತ್ರಿಯಾಗ ಹಾಕಿ, ಒಂದು ಕೂಸಿನ ಕೈಲೆ ಎತ್ತಿಸಿದ್ರು. ಬಂದ ಚೀಟಿ ಕವಿಯ ಪರವಾಗೇ ಮಾತಾಡಿತು, ಎಲ್ಲಾರೂ ಸುಮ್ಮನಾದ್ರು. ಕತಿ ಖರೇನೋ ಕಟ್ಟಿದ್ದೋ, ಆದ್ರ ಜಗಳ ಬಿಡಿಸಿದ್ದು ಮಾತ್ರ ಒಂದು ಕೂಸಿನ ಕೈ, ಕೂಜಾ ಆಟದಾಗ ಇದ್ದಂಗ. ಅಂವನ ಸಮಾಧಿ ಶಿರಾಜದ ಒಂದು ತೋಟದಾಗದ. ಈಗಲೂ ಅದರ ಹೊರಗ ಫಾಲ್ ಮಾರೋರು ಸಣ್ಣ ಹಕ್ಕಿ ಹಿಡಕೊಂಡು ನಿಂತಿರತಾರ. ಹಕ್ಕಿ ಡಬ್ಬಿಯೊಳಗಿಂದ ಕೊಕ್ಕಿಲೆ ಒಂದು ಚೀಟಿ ಎಳದು ಕೊಡತದ. ನಮ್ಮ ಗಿಣಿಶಾಸ್ತ್ರಾನ, ಚೀಟಿಯೊಳಗ ಮಾತ್ರ ಹಾಫಿಜನ ಪದ್ಯ.

ನಮ್ಮ ಕಡೆ ಇದರ ಬಳಗ ಯಾವುದಂದ್ರ ರಾಮಶಲಾಕಾ. ಗೋರಖಪುರದ ಗೀತಾ ಪ್ರೆಸ್ಸಿನ ತುಳಸಿ ರಾಮಾಯಣ ಇದ್ದ ಮನ್ಯಾಗ ನೋಡಿರತೀರಿ. ಚೌಕ ಚೌಕ ಮನಿ ಹಾಕಿ ಒಂದೊಂದರಾಗ ಒಂದೊಂದು ಅಕ್ಷರ ಬರದಿರತಾರ. ಆಕಡೆ ಹದಿನೈದು, ಈಕಡೆ ಹದಿನೈದು, ಒಟ್ಟು 225 ಮನಿ. ರಾಮನ್ನ ನೆನಸಿ ಒಂದು ಮನಿ ಮ್ಯಾಲೆ ಬೆರಳಿಟ್ಟು, ಅಲ್ಲಿಂದ ಒಂಬತ್ತೊಂಬತ್ತನೇ ಅಕ್ಷರ ಬರಕೋತ ಹೋದ್ರ ಒಂದು ಚೌಪಾಯಿ ಆಗತದ. ಬಟವಿ ಎಲ್ಲೇ ಇಟ್ಟರೂ ಒಟ್ಟು ಒಂಬತ್ತು ಚೌಪಾಯಿಯೊಳಗ ಒಂದು ಬರಲೇಬೇಕು. ಪಾರಸಿ ಸಾಹಿತ್ಯದ ಇತಿಹಾಸ ಬರೆದ ಇಂಗ್ಲೆಂಡಿನ ಇ. ಜಿ. ಬ್ರೌನ್ 1920ರೊಳಗ ತನ್ನ ಪುಸ್ತಕದಾಗ ಹಾಫಿಜನ ಹೆಸರಿನ ಇಂಥದ ಕೋಷ್ಟಕ ಅಚ್ಚು ಹಾಕಿಸ್ಯಾನ. ಅದರಾಗೂ ಹದಿನೈದು ಹದಿನೈದ, ಅದರಾಗೂ ಒಂಬತ್ತ ಸಾಲು! ತುಳಸೀದಾಸರ ಮನ್ಯಾಗಿನ ಗಣಿತ, ಶಿರಾಜದ ಮನ್ಯಾಗಿನ ಗಣಿತ ಒಂದ. ಆದ್ರ ನನಗ ಈ ಚೌಕದಾಟ ಅಷ್ಟು ಸೇರೂದಿಲ್ಲ. ಒಂಬತ್ತ ಉತ್ತರ, ಒಬ್ಬರ ಕೂತು ಎಣಿಸಿಕೋಬೇಕು, ಇನ್ನೊಬ್ಬರು ಬೇಕಾಗೂದಿಲ್ಲ. ಇಡೀ ಪುಸ್ತಕ ತೆರೆದಾಗ ಇರೋ ದಿಗಿಲು ಅದರಾಗಿಲ್ಲ.

ಇನ್ನ ಕನ್ನಡದಾಗ ಆಡೋದಾದ್ರ ಯಾವ ಪುಸ್ತಕ? ನಾವು ಕೆಲವು ಹಿಡದು ನೋಡೇವಿ. ಗದುಗಿನ ಭಾರತ ತೆರೆದ್ರ ಎಲ್ಲೆಲ್ಲೂ ಯುದ್ಧ, ರಥ ಮುರದದ್ದು, ಶಪಥ ಮಾಡಿದ್ದು. ಸಂಜಿ ಮುಂದ ಅಂಥಾ ಸಾಲು ಬಂದ್ರ ಯಾರೂ ನಗೂದಿಲ್ಲ. ಕಾದಂಬರಿ ನಗಲಿಕ್ಕೆ ಛಲೋ, ಹೊಟ್ಟ್ಯಾಗಿನ ಪ್ರಶ್ನಿಗೆ ಅಲ್ಲ. ಸರ್ವಜ್ಞ ಹೊಂದತಾನ, ಆದ್ರ ಅಂವನ ನಾಲಗಿ ಭಾಳ ಖಾರ, ಹೆಂಗಸರ ಸುದ್ದಿ ಬಂದಲ್ಲೆ ನಮಗ ಅಂವನ ಕೂಡ ಜಗಳಾನ ಹತ್ತತದ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗ ಈ ಆಟಕ್ಕ ಭಾಳ ಅನುಕೂಲ. 945 ಪದ್ಯ, ನಾನಾಕು ಸಾಲಿಂದು, ಒಂದೊಂದೂ ತನ್ನಷ್ಟಕ್ಕ ತಾ ಪೂರಾ. ಒಂದ ಕೊರತಿ, ಎಲ್ಲಾದಕ್ಕೂ ಬುದ್ಧಿ ಹೇಳತದ. ನನಗ ಕೇಳಿದ್ರ ಎಲ್ಲಾದಕ್ಕಿಂತ ವಚನಗಳು ಮೇಲು. ಅದರಾಗೂ ಅಕ್ಕಮಹಾದೇವಿಯವು. ಅಕಿ ಹಂಬಲಿಸೋದು ಚೆನ್ನಮಲ್ಲಿಕಾರ್ಜುನನ್ನ ಅಂತ ಎಲ್ಲಾರಿಗೂ ಗೊತ್ತಿರೋದ್ರಿಂದ, ಆ ಮರಿಯಾಗ ಕೂತು ಯಾರು ಯಾರನ್ನ ಬೇಕಾದ್ರೂ ನೆನಸಿಕೋಬಹುದು. ಪಾರಸಿಯೊಳಗ ‘ಊ’ ಅನ್ನೋ ಶಬ್ದ ಮಾಡೋ ಕೆಲಸಾನ ಇಲ್ಲಿ ಆ ಅಂಕಿತ ಮಾಡತದ.

ಡಿಸೆಂಬರ್ 21ಕ್ಕ ಸಂಜಿ ದೀಪ ಹಚ್ಚಿದಮ್ಯಾಲೆ ನಮ್ಮ ಪಡಸಾಲ್ಯಾಗ ಕೂಡೂಣು. ದಾಳಿಂಬರಿ ಆಗ ಸೋವಿ ಇರತಾವ, ಕಲ್ಲಂಗಡಿ ಸಿಕ್ಕರ ನೋಡೂಣು. ವಚನದ ಪುಸ್ತಕ ನನ್ನ ಕಡೆ ಅದ. ಓದೋದು ಹಿರಿಯರಾದ ಮೇಲ್ಮನಿ ವೈನಿಯವರು, ಅವರ ದನಿ ಗಟ್ಟಿ ಅದ, ಕಣ್ಣೂ ಇನ್ನೂ ಛಲೋ ಅವ. ಯಾರೂ ಯಾರಿಗೂ ನಿನ್ನ ಪ್ರಶ್ನಿ ಏನಿತ್ತು ಅಂತ ಕೇಳಬಾರದು, ಮರುದಿವಸ ನಳದ ಕಡೆ ಸಿಕ್ಕಾಗೂ ಕೇಳಬಾರದು. ಒಬ್ಬರಿಗೆ ಮೂರ ಸಲ. ಉಂಗುರ, ಗುಂಡಿ, ಪಿನ್ನು, ಏನಾದ್ರೂ ಒಂದು ಸಣ್ಣ ಸಾಮಾನು ತರ್ರಿ. ಕೂಜಾದ ಬಾಯಿ ಕೂಸಿನ ಕೈ ಹೋಗೋಷ್ಟಿರಬೇಕು, ಒಳಗಿಂದು ಮಾತ್ರ ಕಾಣಬಾರದು. ನಮ್ಮ ಮನ್ಯಾಗಿಂದು ತಿರಗಣಿ ಕೂಜಾ, ಅದರಾಗ ಬೆರಳಷ್ಟ ಹೋಗತದ. ಯಾರ ಕಡೆಯಾದ್ರೂ ಮಣ್ಣಿಂದಿದ್ರ ಒರಸಿ ತಗೊಂಡು ಬರ್ರಿ.